ಸ್ಟೇಡಿಯಂ ತುಂಬಿತ್ತು, ಗಲ್ಲಾ ಮಾತ್ರ ಖಾಲಿ: ಕ್ರೀಡಾಕೂಟಗಳನ್ನೇ ನಂಬಿ ಬದುಕುವ ರಗ್ಬಿ ಸೆವೆನ್ಸ್

2024ರ ಜುಲೈ 27. ನಮ್ಮಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಪ್ಯಾರಿಸ್‌ನ ಸ್ಟಾಡ್ ಡಿ ಫ್ರಾನ್ಸ್‌ನಲ್ಲಿ ಒಲಿಂಪಿಕ್ಸ್ ಪುರುಷರ ರಗ್ಬಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನ ಆಡುವ ರಗ್ಬಿಯ ಫೈನಲ್. ಫೋನಿನ ಸಣ್ಣ ಪರದೆಯಲ್ಲಿ ನೋಡುತ್ತಾ ಕೂತಿದ್ದೆ. ಒಂದು ಕಡೆ ಆತಿಥೇಯ ಫ್ರಾನ್ಸ್. ಇನ್ನೊಂದು ಕಡೆ ಫಿಜಿ. ಸೆವೆನ್ಸ್ ಒಲಿಂಪಿಕ್ಸ್‌ಗೆ ಬಂದಾಗಿನಿಂದ ಫಿಜಿ ಅಲ್ಲಿ ಸೋತೇ ಇರಲಿಲ್ಲ. ರಿಯೊದಲ್ಲಿ ಆರು, ಟೋಕಿಯೊದಲ್ಲಿ ಆರು, ಪ್ಯಾರಿಸ್‌ನಲ್ಲಿ ಅಲ್ಲಿಯವರೆಗೆ ಐದು. ಒಟ್ಟು 17 ಪಂದ್ಯ, 17 ಗೆಲುವು.

ಅರ್ಧ ಪಂದ್ಯ ಮುಗಿದಾಗ 7-7. ಆಮೇಲೆ ಬೆಂಚಿನಿಂದ ಆಂತ್ವಾನ್ ಡುಪಾಂಟ್ ಇಳಿದರು. ಹದಿನೈದು ಜನರ ರಗ್ಬಿಯಲ್ಲಿ ಫ್ರಾನ್ಸ್‌ನ ಅತಿ ದೊಡ್ಡ ತಾರೆ. ಈ ಒಂದು ಪದಕಕ್ಕಾಗಿ ಯುರೋಪಿನ ಆರು ದೇಶಗಳು ಆಡುವ ಆ ವರ್ಷದ ಸಿಕ್ಸ್ ನೇಷನ್ಸ್ ಟೂರ್ನಿಯನ್ನೇ ಬಿಟ್ಟು ಬಂದಿದ್ದವರು. ಎಡಗಡೆಯ ಗೆರೆ ಹಿಡಿದು ಓಡಿ ಒಂದು ಟ್ರೈಗೆ (ಫುಟ್‌ಬಾಲಿಗೆ ಗೋಲ್ ಹೇಗೋ ರಗ್ಬಿಗೆ ಇದು ಹಾಗೆ) ದಾರಿ ಮಾಡಿಕೊಟ್ಟರು. ಆಮೇಲೆ ತಾವೇ ಎರಡು ಟ್ರೈ ಹಾಕಿದರು. 28-7. ತಮ್ಮ ಮನೆಯಲ್ಲಿ ನಡೆದ ಆ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ಗೆ ಸಿಕ್ಕ ಮೊದಲ ಚಿನ್ನ ಅದು. ಸ್ಟೇಡಿಯಂನಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ಜನ ಇದ್ದರು. ಆ ಸದ್ದು ಕೇಳಿದವರಿಗೆ, ಈ ಆಟಕ್ಕೆ ಇನ್ನು ಯಾವ ಚಿಂತೆಯೂ ಇಲ್ಲ ಅಂತಲೇ ಅನ್ನಿಸಿರಬೇಕು.

ಹತ್ತೇ ತಿಂಗಳಲ್ಲಿ ಚಿತ್ರ ಬದಲಾಯಿತು. 2025ರ ಮೇನಲ್ಲಿ ಐರ್ಲೆಂಡ್ ತನ್ನ ಪುರುಷರ ಸೆವೆನ್ಸ್ ತಂಡವನ್ನೇ ಮುಚ್ಚುವುದಾಗಿ ಹೇಳಿತು. ಟೋಕಿಯೊ, ಪ್ಯಾರಿಸ್ ಎರಡೂ ಕಡೆ ಆಡಿದ್ದ ತಂಡ ಅದು. ರಿಯೊದಲ್ಲಿ ಬೆಳ್ಳಿ ಗೆದ್ದಿದ್ದ ಬ್ರಿಟನ್ ಕೂಡ ಪೂರ್ಣಾವಧಿ ಸೆವೆನ್ಸ್ ತಂಡ ಇಟ್ಟುಕೊಳ್ಳುವುದನ್ನು ನಿಲ್ಲಿಸಿತು. ಊರಿಂದೂರಿಗೆ ಟೂರ್ನಿ ನಡೆಸುವ ಸೆವೆನ್ಸ್ ವಿಶ್ವ ಸರಣಿಯ ಮೇಲಿನ ದರ್ಜೆಯಲ್ಲಿ ತಂಡಗಳ ಸಂಖ್ಯೆ 12ರಿಂದ 8ಕ್ಕೆ ಇಳಿಯಿತು. ಕೆಲವೇ ವರ್ಷಗಳ ಹಿಂದೆ ಅಲ್ಲಿ ಒಂದೊಂದು ಟೂರ್ನಿಗೂ 16 ತಂಡ ಬರುತ್ತಿದ್ದವು. ಅತ್ತ 2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಪಟ್ಟಿಯಿಂದ ಸೆವೆನ್ಸ್ ಹೊರಬಿತ್ತು.

ಜನ ಇಷ್ಟಪಟ್ಟು ನೋಡುವ ಆಟ ಯಾಕೆ ಹೀಗೆ ಸೊರಗುತ್ತಿದೆ? ಇದಕ್ಕೆ ಉತ್ತರ ಮೈದಾನದೊಳಗೆ ಸಿಗುವುದಿಲ್ಲ. ಅದು ದುಡ್ಡು ಮತ್ತು ಪಟ್ಟಿಗಳ ಲೆಕ್ಕದಲ್ಲಿದೆ. ಈ ಲೆಕ್ಕ ಭಾರತಕ್ಕೂ, ಮುಖ್ಯವಾಗಿ ನಮ್ಮ ಹುಡುಗಿಯರಿಗೂ ಸಂಬಂಧಿಸಿದ್ದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆಟ ಹೇಗೆ ಅಂತ ನೋಡೋಣ. ಕಬಡ್ಡಿಯ ಹಾಗೆ ಇಲ್ಲೂ ಒಂದೊಂದು ತಂಡಕ್ಕೆ ಏಳು ಜನ. ಮೈದಾನ ಮಾತ್ರ ಹದಿನೈದು ಜನ ಆಡುವಷ್ಟೇ ದೊಡ್ಡದು. ಉದ್ದ 100 ಮೀಟರ್, ಅಗಲ 70 ಮೀಟರ್. ಮೂವತ್ತು ಜನ ಓಡಾಡುವ ಜಾಗದಲ್ಲಿ ಹದಿನಾಲ್ಕೇ ಜನ. ಎಲ್ಲಿ ನೋಡಿದರೂ ಖಾಲಿ. ಒಂದು ಟ್ಯಾಕಲ್ ತಪ್ಪಿತೆಂದರೆ ಹಿಂದೆ ತಡೆಯುವವರೇ ಇರುವುದಿಲ್ಲ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಿರುವವರಿಗೇ ಪಾಸ್ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಐದು ಅಂಕ. ಆಮೇಲೆ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದ ಕೂಡಲೇ ಒದ್ದು ಕಂಬಗಳ ನಡುವೆ ಹಾಕಿದರೆ ಇನ್ನೆರಡು. ಒಂದೊಂದು ಅರ್ಧ ಏಳು ನಿಮಿಷ. ಟೀ ಆರುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ.

ಏಳು ನಿಮಿಷ ಕಡಿಮೆ ಅನ್ನಿಸಬಹುದು. ಆದರೆ ಅಷ್ಟು ದೊಡ್ಡ ಜಾಗದಲ್ಲಿ ಒಂದೇ ಸಮನೆ ಓಡಿ, ಬಿದ್ದು, ಎದ್ದು, ಮತ್ತೆ ಓಡಬೇಕು. ಅದೇ ದಿನ ಇನ್ನೊಂದು ಪಂದ್ಯ ಇರುತ್ತದೆ. ಒಲಿಂಪಿಕ್ಸ್‌ನಲ್ಲಿ ಪದಕದ ಸುತ್ತಿಗೆ ಬಂದ ತಂಡ ಮೂರು ದಿನದಲ್ಲಿ ಆರು ಪಂದ್ಯ ಆಡುತ್ತದೆ. ಕಬಡ್ಡಿಯಲ್ಲಿ ಹಿಡಿತಕ್ಕೂ ಉಸಿರಿಗೂ ಎಷ್ಟು ಬೆಲೆಯೋ ಇಲ್ಲೂ ಅಷ್ಟೇ. ಜೊತೆಗೆ ನಾನೂರು ಮೀಟರ್ ಓಟಗಾರರ ಕಾಲು ಬೇಕು.

ಈ ಆಟ ಹುಟ್ಟಿದ ಸಂದರ್ಭ ಇವತ್ತಿನ ಸ್ಥಿತಿಗೆ ತುಂಬಾ ಹತ್ತಿರ. 1883ರಲ್ಲಿ ಸ್ಕಾಟ್ಲೆಂಡ್‌ನ ಮೆಲ್ರೋಸ್ ಅನ್ನುವ ಸಣ್ಣ ಊರಿನ ಕ್ಲಬ್‌ನಲ್ಲಿ ದುಡ್ಡು ಇರಲಿಲ್ಲ. ದುಡ್ಡು ಎತ್ತಲು ಒಂದು ಟೂರ್ನಿ ಮಾಡೋಣ ಅಂತ ಯೋಚನೆ ಬಂತು. ಆದರೆ ಒಂದೇ ಮಧ್ಯಾಹ್ನದಲ್ಲಿ ಹದಿನೈದು ಜನರ ತಂಡಗಳ ಎಷ್ಟು ಪಂದ್ಯ ಆಡಿಸಲು ಸಾಧ್ಯ? ಆಗ ನೆಡ್ ಹೇಗ್ ಅನ್ನುವ ಕಟುಕ ವೃತ್ತಿಯ ಆಟಗಾರ ಒಂದು ದಾರಿ ಹೇಳಿದ: ತಂಡಕ್ಕೆ ಏಳೇ ಜನ, ಆಟದ ಹೊತ್ತು ಚಿಕ್ಕದು. ಖರ್ಚು ಉಳಿಸಿ ಜನರನ್ನು ಸೇರಿಸುವ ಉಪಾಯವಾಗಿಯೇ ಸೆವೆನ್ಸ್ ಹುಟ್ಟಿತು.

ನೂರಿಪ್ಪತ್ತಾರು ವರ್ಷದ ನಂತರ ಅದೇ ಗುಣ ಒಲಿಂಪಿಕ್ಸ್ ಸಮಿತಿಗೂ ಹಿಡಿಸಿತು. ಹದಿನೈದು ಜನರ ರಗ್ಬಿ 1924ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಮತ್ತೆ ಬರಲಿಲ್ಲ. ಅದಕ್ಕೆ ಕಾರಣಗಳು ಹಲವು. ಇವತ್ತಿನ ಕಾಲದಲ್ಲಂತೂ ದೊಡ್ಡ ಕಾರಣ ವಿಶ್ರಾಂತಿ. ಒಂದು ಪಂದ್ಯ ಆಡಿದ ಹದಿನೈದರ ತಂಡಕ್ಕೆ ಮತ್ತೆ ಆಡಲು ದಿನಗಟ್ಟಲೆ ಸಮಯ ಬೇಕು. ಎರಡು ವಾರದ ಕೂಟದಲ್ಲಿ ಟೂರ್ನಿ ಮುಗಿಯುವುದೇ ಇಲ್ಲ. ಸೆವೆನ್ಸ್‌ಗೆ ಮೂರು ದಿನ ಸಾಕು. 2009ರ ಅಕ್ಟೋಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ್ದ ಒಲಿಂಪಿಕ್ಸ್ ಸಮಿತಿ ಗಾಲ್ಫ್ ಜೊತೆ ಸೆವೆನ್ಸ್ ಅನ್ನೂ 2016ರ ರಿಯೊ ಕೂಟಕ್ಕೆ ಸೇರಿಸಿತು. ಪುರುಷರಿಗೆ 12 ತಂಡ, ಮಹಿಳೆಯರಿಗೆ 12 ತಂಡ, ತಂಡಕ್ಕೆ 12 ಜನ. ಒಟ್ಟು 288 ಆಟಗಾರರು. ಹತ್ತು ಸಾವಿರ ದಾಟುವ ಒಲಿಂಪಿಕ್ಸ್‌ನಲ್ಲಿ ಇದು ದೊಡ್ಡ ಹೊರೆಯಲ್ಲ. ಗಂಡಸರಿಗೂ ಹೆಂಗಸರಿಗೂ ಸಮಾನ ಜಾಗ. ಪ್ಯಾರಿಸ್‌ನಲ್ಲಿ ಜುಲೈ 24ರಿಂದ 30ರವರೆಗೆ ಸೆವೆನ್ಸ್ ಆಡಿದ ಸ್ಟೇಡಿಯಂನಲ್ಲೇ ಆಮೇಲೆ ಅಥ್ಲೆಟಿಕ್ಸ್ ನಡೆಯಿತು. ಸಂಘಟಕರಿಗೆ ಇದಕ್ಕಿಂತ ಅನುಕೂಲದ ತಂಡ ಆಟ ಸಿಗುವುದು ಕಷ್ಟ.

ಸಣ್ಣ ದೇಶಗಳಿಗೆ ಸಿಕ್ಕಿದ್ದು ಇನ್ನೂ ದೊಡ್ಡದು. ಪುರುಷರ ರಗ್ಬಿ ವಿಶ್ವಕಪ್ 1987ರಲ್ಲಿ ಶುರುವಾಯಿತು. 2023ರವರೆಗಿನ ಹತ್ತು ವಿಶ್ವಕಪ್‌ಗಳನ್ನು ನಾಲ್ಕೇ ದೇಶ ಹಂಚಿಕೊಂಡಿವೆ: ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್. ಹದಿನೈದರ ಆಟದಲ್ಲಿ ಸ್ಕ್ರಮ್ (ಚೆಂಡಿಗಾಗಿ ಎರಡೂ ತಂಡದವರು ಹೆಗಲು ಜೋಡಿಸಿ ಎದುರುಬದುರು ತಳ್ಳಾಡುವುದು) ತಳ್ಳಲು 110-120 ಕೆ.ಜಿ. ತೂಕದ, ಆ ಕೆಲಸಕ್ಕೇ ತಯಾರಾದವರು ಬೇಕು. ಅಂಥವರನ್ನು ವರ್ಷಗಟ್ಟಲೆ ಸಾಕುವ ಕ್ಲಬ್‌ಗಳು ಬೇಕು. ಸೆವೆನ್ಸ್‌ನಲ್ಲಿ ಸ್ಕ್ರಮ್‌ಗೆ ಮೂರೇ ಜನ. ವೇಗ, ಕೈಚಳಕ, ದಮ್ಮು ಇದ್ದರೆ ಹನ್ನೆರಡು ಜನರನ್ನು ಹೊಂದಿಸುವುದು ಯಾವ ದೇಶಕ್ಕೂ ಅಸಾಧ್ಯವಲ್ಲ. ರಿಯೊದಲ್ಲಿ ಜಪಾನ್ ನ್ಯೂಜಿಲೆಂಡ್ ತಂಡವನ್ನು 14-12ರಿಂದ ಸೋಲಿಸಿ, ಕೊನೆಗೆ ನಾಲ್ಕನೇ ಸ್ಥಾನಕ್ಕೆ ಬಂತು. ಟೋಕಿಯೊದಲ್ಲಿ ಅರ್ಜೆಂಟೀನಾ ಕಂಚು ಗೆದ್ದಿತು.

ಇನ್ನು ಫಿಜಿ. ಈ ದೇಶದ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ. ನಮ್ಮ ಒಂದು ಮಧ್ಯಮ ನಗರದಷ್ಟು. ಅಲ್ಲಿ ಹಳ್ಳಿಹಳ್ಳಿಗೂ ಸೆವೆನ್ಸ್ ಟೂರ್ನಿ ನಡೆಯುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಕೊಡಗು ಸಾಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಇವತ್ತು ಮುನ್ನೂರಕ್ಕೂ ಜಾಸ್ತಿ ಮನೆತನಗಳು ಬರುತ್ತವೆ. ಅಜ್ಜನೂ ಆಡುತ್ತಾನೆ, ಮೊಮ್ಮಗಳೂ ಆಡುತ್ತಾಳೆ. ಫಿಜಿಯಲ್ಲಿ ಸೆವೆನ್ಸ್‌ಗೆ ಅಂಥದ್ದೇ ಜಾಗ. ಜೆರ್ರಿ ತುವಾಯ್ ಚಿಕ್ಕವನಿದ್ದಾಗ ಚೆಂಡು ಕೊಳ್ಳಲು ದುಡ್ಡಿಲ್ಲದೆ ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಡಿದು ಆಡಿದವನು. ಮುಂದೆ ಎರಡು ಒಲಿಂಪಿಕ್ಸ್ ಚಿನ್ನ ಗೆದ್ದ, ಎರಡನೆಯದು ನಾಯಕನಾಗಿ.

2016ರ ಫೆಬ್ರುವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ಫಿಜಿಗೆ ಬಡಿಯಿತು. 44 ಜನ ಸತ್ತರು. ಊರುಗಳೇ ನೆಲಸಮವಾದವು. ಅಲ್ಲಿಂದ ಆರು ತಿಂಗಳಿಗೆ ರಿಯೊ ಫೈನಲ್. ಎದುರಾಳಿ ಬ್ರಿಟನ್. ಸ್ಕೋರು 43-7. ಫಿಜಿ ಒಲಿಂಪಿಕ್ಸ್‌ನಲ್ಲಿ ಗೆದ್ದ ಮೊಟ್ಟಮೊದಲ ಪದಕ ಅದು, ಅದೂ ಚಿನ್ನ. ಕೋಚ್ ಬೆನ್ ರಯಾನ್ ಇಂಗ್ಲೆಂಡಿನವರು. ಅವರು ಕೆಲಸಕ್ಕೆ ಸೇರಿದಾಗ ಫಿಜಿ ರಗ್ಬಿ ಸಂಸ್ಥೆ ಎಷ್ಟು ಬಡವಾಗಿತ್ತೆಂದರೆ ಮೊದಲ ಕೆಲವು ತಿಂಗಳು ಅವರಿಗೆ ಸಂಬಳವೇ ಬರಲಿಲ್ಲ. ಪದಕ ಬಂದ ಮೇಲೆ ದೇಶಕ್ಕೆ ರಜೆ ಘೋಷಿಸಿದರು. ಮರುವರ್ಷ ಏಳು ಡಾಲರ್‌ನ ನೋಟು ಅಚ್ಚು ಹಾಕಿದರು. ಐದಿಲ್ಲ, ಹತ್ತಿಲ್ಲ, ಏಳು! ಆ ನೋಟಿನ ಮೇಲೆ ಇದ್ದದ್ದು ಈ ತಂಡದ ಚಿತ್ರ.

ಟೋಕಿಯೊ ಕಥೆ ಇನ್ನೊಂದು ಥರ. ಕೋವಿಡ್ ಕಾಲ, ಪ್ರಯಾಣಿಕರ ವಿಮಾನ ಇಲ್ಲ. ಫಿಜಿ ತಂಡ ಜಪಾನಿಗೆ ಹೋದದ್ದು ಹೆಪ್ಪುಗಟ್ಟಿಸಿದ ಮೀನು ಸಾಗಿಸುವ ಸರಕು ವಿಮಾನದಲ್ಲಿ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಹೆಂಡತಿ ಮಕ್ಕಳ ಮುಖ ನೋಡದೆ ಶಿಬಿರದಲ್ಲಿದ್ದರು. ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 27-12. ಮೂರು ದಿನದ ನಂತರ ಫಿಜಿಯ ಹೆಣ್ಣುಮಕ್ಕಳ ತಂಡ ಬ್ರಿಟನ್ ತಂಡವನ್ನು 21-12ರಿಂದ ಸೋಲಿಸಿ ಕಂಚು ಗೆದ್ದಿತು. ಹದಿನೈದರ ವಿಶ್ವಕಪ್‌ನಲ್ಲಿ ಫಿಜಿ ಎಂಟರ ಘಟ್ಟದಿಂದ ಮುಂದೆ ಹೋಗಿದ್ದೇ ಇಲ್ಲ. ಕ್ರೀಡಾಕೂಟ ಅವರಿಗೆ ಏನು ಕೊಟ್ಟಿದೆ ಅಂತ ಹೇಳಲು ಇಷ್ಟೇ ಸಾಕು.

ಹಾಗಾದರೆ ದುಡ್ಡು ಎಲ್ಲಿ ಕೈಕೊಡುತ್ತಿದೆ?

ವಿಶ್ವ ರಗ್ಬಿ ಸಂಸ್ಥೆಯ ವರಮಾನದ ಬಹುಪಾಲು ಬರುವುದು ಒಂದೇ ಕಡೆಯಿಂದ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪುರುಷರ ಹದಿನೈದರ ವಿಶ್ವಕಪ್‌ನಿಂದ. ದೊಡ್ಡ ದೇಶಗಳ ರಗ್ಬಿ ಸಂಸ್ಥೆಗಳೂ ಹದಿನೈದರ ಪಂದ್ಯಗಳ ಟಿಕೆಟ್ ಮತ್ತು ಟಿವಿ ಹಣದಿಂದಲೇ ನಡೆಯುತ್ತವೆ. ಸೆವೆನ್ಸ್‌ನ ವಿಶ್ವ ಸರಣಿ ಊರಿಂದೂರಿಗೆ ಹೋಗುತ್ತದೆ. ದುಬೈ, ಕೇಪ್‌ಟೌನ್, ಸಿಂಗಪುರ, ಪರ್ತ್, ವ್ಯಾಂಕೂವರ್, ನ್ಯೂಯಾರ್ಕ್. ದುಬೈನಲ್ಲಿರುವ ಕನ್ನಡಿಗರಿಗೆ ಆ ಟೂರ್ನಿ ಗೊತ್ತಿರಬಹುದು, ವರ್ಷದ ಕೊನೆಯಲ್ಲಿ ಅಲ್ಲಿ ಅದೊಂದು ದೊಡ್ಡ ಜಾತ್ರೆ. ಇಷ್ಟು ತಂಡಗಳನ್ನು, ಗಂಡಸರನ್ನೂ ಹೆಂಗಸರನ್ನೂ, ಖಂಡದಿಂದ ಖಂಡಕ್ಕೆ ವಿಮಾನದಲ್ಲಿ ಕರೆದೊಯ್ದು ಹೋಟೆಲಿನಲ್ಲಿ ಇಡಬೇಕು. ಖರ್ಚು ಬೆಟ್ಟದಷ್ಟು. ಟಿವಿಯಿಂದ ಬರುವುದು ಅದಕ್ಕೆ ಸಾಲುವುದಿಲ್ಲ. ಹಾಂಗ್ ಕಾಂಗ್, ದುಬೈನಂಥ ಹಬ್ಬದ ಊರುಗಳನ್ನು ಬಿಟ್ಟರೆ ಎಷ್ಟೋ ಕಡೆ ಸೀಟುಗಳು ಖಾಲಿ.

ಒಲಿಂಪಿಕ್ಸ್‌ನಿಂದ ದುಡ್ಡು ಬರುವುದಿಲ್ಲವಾ? ಬರುತ್ತದೆ, ಆದರೆ ಸುತ್ತು ಬಳಸಿ. ಒಲಿಂಪಿಕ್ಸ್ ಸಮಿತಿ ತನ್ನ ಟಿವಿ ಹಣವನ್ನು ಎಲ್ಲ ಕ್ರೀಡೆಗಳಿಗೂ ದರ್ಜೆ ಮಾಡಿ ಹಂಚುತ್ತದೆ. ರಿಯೊ ಹೊತ್ತಿಗೆ ರಗ್ಬಿ ಅದರಲ್ಲಿ ಕೊನೆಯ ದರ್ಜೆಯಲ್ಲಿತ್ತು. ಅದಕ್ಕಿಂತ ದೊಡ್ಡ ಲಾಭ ದೇಶಗಳ ಒಳಗಿನದು. ಒಂದು ಆಟ ಒಲಿಂಪಿಕ್ಸ್ ಪಟ್ಟಿಗೆ ಬಂದ ಕೂಡಲೇ ಸರ್ಕಾರಗಳು ಅದರತ್ತ ನೋಡುತ್ತವೆ. ಚೀನಾದಲ್ಲಿ ಸೆವೆನ್ಸ್ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸೇರಿದ ಮೇಲೆ ಪ್ರಾಂತ್ಯಗಳು ತಂಡ ಕಟ್ಟಿದವು. ಆದರೆ ಈ ದುಡ್ಡು ಪದಕದ ಆಸೆಗೆ ಬರುವ ದುಡ್ಡು. ಪದಕ ಬರುವ ಸೂಚನೆ ಇಲ್ಲ ಅಂದರೆ ನಿಂತುಹೋಗುತ್ತದೆ. ಮುಂದಿನ ಒಲಿಂಪಿಕ್ಸ್ ಮೂರು ವರ್ಷ ದೂರ ಇದ್ದಾಗ, ಲೆಕ್ಕ ಬರೆಯುವವರ ಕಣ್ಣಿಗೆ ಮೊದಲು ಬೀಳುವುದೂ ಇದೇ ತಂಡ. ಹಾಗಾಗಿಯೇ ಪ್ಯಾರಿಸ್ ಮುಗಿದ ಮರುವರ್ಷ ಕತ್ತರಿ ಆಡಿತು.

ನನಗೆ ಇದರಲ್ಲಿ ಒಂದು ತಪ್ಪು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ರಗ್ಬಿ ದೇಶಗಳು ಸೆವೆನ್ಸ್ ಅನ್ನು ಯಾವತ್ತೂ ಪೂರ್ತಿ ತಮ್ಮದು ಅಂದುಕೊಳ್ಳಲಿಲ್ಲ. ಹದಿನೈದರ ತಂಡಕ್ಕೆ ಹುಡುಗರನ್ನು ತಯಾರು ಮಾಡುವ ಗರಡಿ ಅಂತ ಕಂಡರು. ಒಬ್ಬ ಹುಡುಗ ಸ್ವಲ್ಪ ಹೆಸರು ಮಾಡಿದರೆ ಹದಿನೈದರ ಕ್ಲಬ್ ಜಾಸ್ತಿ ಸಂಬಳ ಕೊಟ್ಟು ಕರೆದುಕೊಂಡು ಹೋಗುತ್ತದೆ. ಹಾಗಾಗಿ ಸೆವೆನ್ಸ್‌ಗೆ ತಾರೆಗಳು ಉಳಿಯುವುದಿಲ್ಲ. ತಾರೆಗಳಿಲ್ಲ ಅಂದರೆ ಟಿವಿಯವರು ಬರುವುದಿಲ್ಲ. ಡುಪಾಂಟ್ ಬಂದಾಗ ಏನಾಯಿತು ಅಂತ ಜಗತ್ತು ನೋಡಿದೆ. ಅಂಥವರು ನಾಲ್ಕು ವರ್ಷಕ್ಕೊಮ್ಮೆಯಾದರೂ ಬರುವ ಹಾಗೆ ವೇಳಾಪಟ್ಟಿ ಮಾಡುವುದು ರಗ್ಬಿ ಸಂಸ್ಥೆಯ ಕೈಯಲ್ಲೇ ಇದೆ.

ಮಹಿಳಾ ಆಟದಲ್ಲಿ ಚಿತ್ರ ಸ್ವಲ್ಪ ಬೇರೆ. ಪ್ಯಾರಿಸ್‌ನ ಕಂಚಿನ ಪಂದ್ಯ ನೋಡಿದವರು ಅದನ್ನು ಮರೆತಿರಲಿಕ್ಕಿಲ್ಲ. ಆಸ್ಟ್ರೇಲಿಯಾ 12, ಅಮೆರಿಕ 7. ಕೊನೆಯ ಕ್ಷಣ. ಚೆಂಡು ಅಮೆರಿಕದವರ ತುದಿಯಲ್ಲಿ. ಅಲೆಕ್ಸ್ ಸೆಡ್ರಿಕ್ ಇಬ್ಬರನ್ನು ತಪ್ಪಿಸಿಕೊಂಡು ಹೆಚ್ಚುಕಡಿಮೆ ಇಡೀ ಮೈದಾನ ಓಡಿ ಟ್ರೈ ಹಾಕಿದರು. ಆಮೇಲೆ ಕಿಕ್ ಕೂಡ ಅವರೇ ಹೊಡೆದರು. 14-12. ಸೆವೆನ್ಸ್‌ನಲ್ಲಿ ಅಮೆರಿಕಕ್ಕೆ ಮೊದಲ ಒಲಿಂಪಿಕ್ಸ್ ಪದಕ. ಆ ಗೆಲುವು ಕಂಡು ಮಿಶೆಲ್ ಕಾಂಗ್ ಅನ್ನುವ ಉದ್ಯಮಿ ಆ ತಂಡಕ್ಕೆ ನಾಲ್ಕು ವರ್ಷಕ್ಕೆ 40 ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಅದೇ ತಂಡದ ಇಲೋನಾ ಮಹರ್ ಇವತ್ತು ಸೋಷಿಯಲ್ ಮೀಡಿಯಾದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಜನ ಹಿಂಬಾಲಿಸುವ ರಗ್ಬಿ ಆಟಗಾರ್ತಿ. ಗಂಡಸರಿಗಿಂತಲೂ ಜಾಸ್ತಿ. ಹೆಣ್ಣುಮಕ್ಕಳಿಗೆ ಸೆವೆನ್ಸ್ ಪಕ್ಕದ ಆಟವಲ್ಲ. ಎಷ್ಟೋ ದೇಶಗಳಲ್ಲಿ ಅವರಿಗೆ ರಗ್ಬಿ ಅಂದರೆ ಸೆವೆನ್ಸೇ. ಚೀನಾ, ಬ್ರೆಜಿಲ್, ಜಪಾನ್ ಪ್ಯಾರಿಸ್‌ಗೆ ಬಂದದ್ದು ಹಾಗೆ.

2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸೆವೆನ್ಸ್ ಇದೆ. 2031ರ ಪುರುಷರ ವಿಶ್ವಕಪ್, 2033ರ ಮಹಿಳಾ ವಿಶ್ವಕಪ್ ಎರಡೂ ಅಮೆರಿಕದಲ್ಲೇ. ಅಲ್ಲಿನ ಮಾರುಕಟ್ಟೆ ಹಿಡಿಯಲು ರಗ್ಬಿ ಸಂಸ್ಥೆಗೆ ಸೆವೆನ್ಸ್ ಬೇಕೇ ಬೇಕು. ಹಾಗಾಗಿ ಒಲಿಂಪಿಕ್ಸ್ ಮಟ್ಟಿಗೆ ಸದ್ಯಕ್ಕೆ ಭಯವಿಲ್ಲ. ಭಯ ಇರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಕಾಮನ್‌ವೆಲ್ತ್ ಕೂಟಕ್ಕೆ ಸೆವೆನ್ಸ್ ಬಂದದ್ದು 1998ರಲ್ಲಿ, ಕ್ವಾಲಾಲಂಪುರದಲ್ಲಿ. ಒಲಿಂಪಿಕ್ಸ್‌ಗಿಂತ 18 ವರ್ಷ ಮೊದಲೇ. 2014ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಫುಟ್‌ಬಾಲ್ ಮೈದಾನ ಸೆವೆನ್ಸ್ ನೋಡುವ ಜನರಿಂದ ತುಂಬಿಹೋಗಿತ್ತು. 1998ರಿಂದ ಆ ಕೂಟದಲ್ಲಿ ಒಂದೂ ಪಂದ್ಯ ಸೋಲದ ನ್ಯೂಜಿಲೆಂಡ್ ಅಲ್ಲಿ ದಕ್ಷಿಣ ಆಫ್ರಿಕಾಕ್ಕೆ 17-12ರಿಂದ ಸೋತಿತು. ಹನ್ನೆರಡು ವರ್ಷದ ನಂತರ ಕೂಟ ಮತ್ತೆ ಅದೇ ಊರಿಗೆ ಬಂದಾಗ ಸೆವೆನ್ಸ್‌ಗೆ ಜಾಗ ಇಲ್ಲ.

ಇದರ ಹಿಂದಿನ ಕಥೆ ಗೊತ್ತಿರುವುದೇ. 2026ರ ಕೂಟ ಮೂಲತಃ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನಡೆಯಬೇಕಿತ್ತು. 260 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡಿದ್ದ ಖರ್ಚು 600 ಕೋಟಿ ದಾಟುತ್ತದೆ ಅಂತ ಹೇಳಿ ಆ ರಾಜ್ಯ ಸರ್ಕಾರ 2023ರ ಜುಲೈನಲ್ಲಿ ಕೈಚೆಲ್ಲಿತು. ಕೊನೆಗೆ ಗ್ಲಾಸ್ಗೋ ಒಪ್ಪಿಕೊಂಡಿತು. ಆದರೆ ಷರತ್ತು: ನಾಲ್ಕೇ ತಾಣ, ಹತ್ತೇ ಕ್ರೀಡೆ. ಹಾಕಿ, ಕ್ರಿಕೆಟ್, ಬ್ಯಾಡ್ಮಿಂಟನ್, ಕುಸ್ತಿ, ಸೆವೆನ್ಸ್ ಎಲ್ಲವೂ ಹೊರಗೆ. ಲೆಕ್ಕ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಅದರ ಹಿಂದಿನ, 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಪುರುಷರ 16, ಮಹಿಳೆಯರ 8 ಸೆವೆನ್ಸ್ ತಂಡ ಇದ್ದವು. ಸುಮಾರು ಮುನ್ನೂರು ಆಟಗಾರರು, ಜೊತೆಗೆ ಕೋಚ್, ವೈದ್ಯರು. ಅಷ್ಟು ಜನಕ್ಕೆ ಊಟ, ವಸತಿ, ಬಸ್ಸು ಕೊಟ್ಟರೆ ಸಿಗುವುದು ಎರಡು ಚಿನ್ನದ ಪದಕ. ಈಜಿನಲ್ಲಿ ಒಬ್ಬರೇ ಅಷ್ಟು ಚಿನ್ನ ಗೆಲ್ಲುತ್ತಾರೆ. ನಾಲ್ಕು ಜನರ ತಂಡ ಸಾಕಾಗುವ 3x3 ಬ್ಯಾಸ್ಕೆಟ್‌ಬಾಲ್ ಉಳಿಯಿತು. ಏಳು ಜನರ ರಗ್ಬಿ ಉಳಿಯಲಿಲ್ಲ.

ದುಡ್ಡಿಲ್ಲದಾಗ ಕಡಿಮೆ ಖರ್ಚಿಗೆಂದೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಆಟ, ದುಡ್ಡಿಲ್ಲ ಅಂತಲೇ ಸ್ಕಾಟ್ಲೆಂಡಿನಲ್ಲಿ ನಡೆಯುವ ಕೂಟದಿಂದ ಹೊರಬಿತ್ತು. ಅಥ್ಲೆಟಿಕ್ಸ್‌ಗೆ ಗೊತ್ತು ಮಾಡಿದ ಸ್ಕಾಟ್ಸ್‌ಟನ್ ಮೈದಾನ ಗ್ಲಾಸ್ಗೋ ವಾರಿಯರ್ಸ್ ಅನ್ನುವ ರಗ್ಬಿ ತಂಡದ ಮನೆ. ನನಗೆ ಇದು ನೋವಿನ ಸಂಗತಿ. ನ್ಯೂಜಿಲೆಂಡ್‌ಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಅವರಿಗೆ ವಿಶ್ವ ಸರಣಿ ಇದೆ, ಒಲಿಂಪಿಕ್ಸ್ ಇದೆ, ಹದಿನೈದರ ಆಟ ಇದೆ. ಆದರೆ ಉಗಾಂಡ, ಜಾಂಬಿಯಾ, ಶ್ರೀಲಂಕಾ, ಟೋಂಗಾದಂಥ ದೇಶಗಳಿಗೆ ಒಲಿಂಪಿಕ್ಸ್‌ನ ಹನ್ನೆರಡರಲ್ಲಿ ಜಾಗ ಸಿಗುವುದು ತೀರಾ ಕಷ್ಟ. ದೊಡ್ಡವರ ಎದುರು ದೊಡ್ಡ ಸ್ಟೇಡಿಯಂನಲ್ಲಿ ನಿಲ್ಲುವ ಅವಕಾಶ ಅವರಿಗೆ ಸಿಗುತ್ತಿದ್ದದ್ದು ಕಾಮನ್‌ವೆಲ್ತ್‌ನಲ್ಲಿ.

ಇನ್ನು ನಮ್ಮ ಮಾತು. ಭಾರತಕ್ಕೂ ರಗ್ಬಿಗೂ ಹಳೆಯ ನಂಟು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಆಡುತ್ತಿರುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಮುಚ್ಚಿಹೋದ ಕಲ್ಕತ್ತಾದ ಕ್ಲಬ್ ಬ್ಯಾಂಕಿನಲ್ಲಿದ್ದ ತನ್ನ ದುಡ್ಡನ್ನು ಹಾಗೆ ಕೊಟ್ಟುಹೋಯಿತು. ಅದರ ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಆದರೆ ಆ ಆಟ ಇಲ್ಲಿ ಸಾಹೇಬರ ಜೊತೆಗೇ ಕ್ಲಬ್‌ಗಳಲ್ಲಿ ಉಳಿದುಹೋಯಿತು.

ಅದು ಹಳ್ಳಿಗೆ ಇಳಿದದ್ದು ಇತ್ತೀಚೆಗೆ. ಒಡಿಶಾದಲ್ಲಿ, ಬಂಗಾಳದಲ್ಲಿ, ಆಮೇಲೆ ಬಿಹಾರದಲ್ಲಿ. ಭುವನೇಶ್ವರದ ಕಿಸ್ ಅನ್ನುವ ಆದಿವಾಸಿ ಮಕ್ಕಳ ವಸತಿ ಶಾಲೆಯ ಹುಡುಗರು 2007ರಲ್ಲಿ ಲಂಡನ್‌ಗೆ ಹೋಗಿ 14 ವರ್ಷದೊಳಗಿನ ಶಾಲಾ ಟೂರ್ನಿ ಗೆದ್ದು ಬಂದರು. ಆಗ ಅದು ಪವಾಡದ ಹಾಗೆ ಕಂಡಿತ್ತು. ಇವತ್ತು ಒಡಿಶಾ ದೇಶದ ಮಹಿಳಾ ರಗ್ಬಿಗೆ ಬೆನ್ನೆಲುಬು. 2025ರ ಆಗಸ್ಟ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾದ 20 ವರ್ಷದೊಳಗಿನವರ ಸೆವೆನ್ಸ್ ನಡೆಯಿತು. ಅಲ್ಲಿ ನಮ್ಮ ಹುಡುಗಿಯರು ಕಂಚು ಗೆದ್ದರು.

ಈ ಹುಡುಗಿಯರು ಯಾಕೆ ರಗ್ಬಿಗೆ ಬರುತ್ತಾರೆ? ಆಟದ ಖುಷಿ ಇದ್ದೇ ಇದೆ. ಜೊತೆಗೆ ಇನ್ನೊಂದು ಕಾರಣ ಇದೆ, ಅದನ್ನು ಮುಚ್ಚಿಟ್ಟು ಮಾತಾಡಬಾರದು. ಅದು ನೌಕರಿ. 2020ರಲ್ಲಿ ಕೇಂದ್ರ ಸರ್ಕಾರ ಕ್ರೀಡಾ ಕೋಟಾದಲ್ಲಿ ನೇಮಕಾತಿಗೆ ಒಪ್ಪುವ ಆಟಗಳ ಪಟ್ಟಿಯನ್ನು 43ರಿಂದ 63ಕ್ಕೆ ಏರಿಸಿತು. ಹೊಸದಾಗಿ ಸೇರಿದ ಇಪ್ಪತ್ತರಲ್ಲಿ ರಗ್ಬಿಯೂ ಒಂದು. ಬಿಹಾರದಲ್ಲಿ ಪದಕ ತಂದವರಿಗೆ ನೇರವಾಗಿ ಸರ್ಕಾರಿ ಕೆಲಸ ಕೊಡುವ ಯೋಜನೆ ಇದೆ. ಮಗಳನ್ನು ಮೈದಾನಕ್ಕೆ ಕಳಿಸಲು ಹಿಂದೆಮುಂದೆ ನೋಡುವ ಅಪ್ಪ ಅಮ್ಮನಿಗೆ ಈ ಮಾತು ಅರ್ಥವಾಗುತ್ತದೆ. ಹತ್ತು ವರ್ಷ ಬೆವರು ಸುರಿಸಿದ ಮೇಲೆ ಕೈಗೆ ಏನು ಬರುತ್ತದೆ ಅಂತ ಅವರು ಕೇಳುತ್ತಾರೆ. ಕೇಳುವುದು ಸರಿ ತಾನೇ? ಆದರೆ ಈ ಸರಪಳಿಯ ಕೊಂಡಿ ನೋಡಿ. ನೌಕರಿಗೆ ಪದಕ ಬೇಕು. ಪದಕಕ್ಕೆ ಕೂಟ ಬೇಕು. ಕೂಟದ ಪಟ್ಟಿಯಲ್ಲಿ ಆಟದ ಹೆಸರು ಇರಬೇಕು. ಗ್ಲಾಸ್ಗೋದಲ್ಲಿ ಕೂತು ಒಂದು ಹೆಸರು ಹೊಡೆದುಹಾಕಿದರೆ ಅದರ ಬಿಸಿ ನಳಂದದ ಹಳ್ಳಿಯ ಹುಡುಗಿಗೂ ತಟ್ಟುತ್ತದೆ.

ಕರ್ನಾಟಕದಲ್ಲಿ ಈ ಆಟ ಇನ್ನೂ ಬೆಂಗಳೂರಿನ ಕೆಲವು ಕ್ಲಬ್‌ಗಳ ಮಟ್ಟದಲ್ಲಿದೆ. 2025ರ ಜೂನ್‌ನಲ್ಲಿ ಮುಂಬೈನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಕಪ್ ಚೆನ್ನೈ ಬುಲ್ಸ್ ಪಾಲಾಯಿತು. ಆಡಿದ್ದು ಸೆವೆನ್ಸೇ. ಜಗತ್ತಿನ ದೊಡ್ಡ ದೊಡ್ಡ ಸೆವೆನ್ಸ್ ಆಟಗಾರರ ಜೊತೆ ನಮ್ಮ ಹುಡುಗರು ಭುಜಕ್ಕೆ ಭುಜ ಕೊಟ್ಟು ಆಡಿದರು. ಭಾರತೀಯ ರಗ್ಬಿ ಸಂಸ್ಥೆಯ ಅಧ್ಯಕ್ಷ, ನಟ ರಾಹುಲ್ ಬೋಸ್ ಹಿಂದೆ ತಾವೇ ದೇಶಕ್ಕೆ ಆಡಿದವರು. ಲೀಗ್ ಶುರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಅದು ಗಂಡಸರಿಗೆ ಮಾತ್ರ ಇತ್ತು. ಪದಕದ ಆಸೆ ಇರುವುದು ಹೆಣ್ಣುಮಕ್ಕಳ ತಂಡದಲ್ಲಿ. ಅವರಿಗೂ ಇಂಥ ಲೀಗ್ ಆದಷ್ಟು ಬೇಗ ಬರಬೇಕು. ಕಬಡ್ಡಿ, ಖೋ ಖೋ ಆಡಿ ಬೆಳೆದ ನಮ್ಮ ಹುಡುಗಿಯರ ಕಾಲಿಗೆ, ಹಿಡಿತಕ್ಕೆ ಈ ಆಟ ತೀರಾ ಹೊಸದೇನೂ ಅಲ್ಲ. ನಮ್ಮ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಒಂದೆರಡು ಕಡೆ ಇದನ್ನು ಶುರು ಮಾಡಿದರೂ ದೊಡ್ಡ ಖರ್ಚಿಲ್ಲ. ಒಂದು ಮೈದಾನ, ನಾಲ್ಕು ಚೆಂಡು, ಒಬ್ಬ ಕೋಚ್.

2025ರ ನವೆಂಬರ್‌ನಲ್ಲಿ 2030ರ ಕಾಮನ್‌ವೆಲ್ತ್ ಕೂಟದ ಆತಿಥ್ಯ ಅಹಮದಾಬಾದ್‌ಗೆ ಸಿಕ್ಕಿತು. ಆಗ ಹೇಳಿದ್ದು ಒಟ್ಟು 15ರಿಂದ 17 ಕ್ರೀಡೆ ಅಂತ. ಅಥ್ಲೆಟಿಕ್ಸ್, ಈಜು, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್‌ನಂಥವಕ್ಕೆ ಮೊದಲೇ ಜಾಗ ಖಾತ್ರಿ. ಉಳಿದ ಜಾಗಕ್ಕೆ ಪರಿಗಣಿಸುವ ಉದ್ದದ ಪಟ್ಟಿಯಲ್ಲಿ ಹಾಕಿ, ಕುಸ್ತಿ, ಶೂಟಿಂಗ್, ಬ್ಯಾಡ್ಮಿಂಟನ್, ಕ್ರಿಕೆಟ್ ಜೊತೆ ಸೆವೆನ್ಸ್ ಹೆಸರೂ ಇತ್ತು. ಪೈಪೋಟಿ ಯಾರ ಜೊತೆ ಅಂತ ನೋಡಿದರೆ ಗಾಬರಿಯಾಗುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರತ ಗೆದ್ದ 61 ಪದಕಗಳಲ್ಲಿ 12 ಕುಸ್ತಿಯಿಂದಲೇ ಬಂದವು. ನಮ್ಮವರು ಮೊದಲು ಕುಸ್ತಿ, ಶೂಟಿಂಗ್, ಹಾಕಿ ಕೇಳುತ್ತಾರೆ. ಅದು ತಪ್ಪೂ ಅಲ್ಲ. ಸೆವೆನ್ಸ್‌ನಲ್ಲಿ 2030ರಲ್ಲಿ ನಮಗೆ ಪದಕ ಬರುತ್ತದೆ ಅಂತ ನಾನು ಹೇಳುವುದಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿ, ಕೆನಡಾ ಎಲ್ಲರೂ ಇರುವ ಕೂಟ ಅದು.

ಆದರೂ ಸೆವೆನ್ಸ್ ಬೇಕು ಅಂತ ನಾನು ವಾದಿಸುತ್ತೇನೆ. ಖರ್ಚಿನ ಮಾತು ಇಲ್ಲಿ ಅಷ್ಟು ನಿಲ್ಲುವುದಿಲ್ಲ. 2022ರ ರಾಷ್ಟ್ರೀಯ ಕ್ರೀಡಾಕೂಟದ ಸೆವೆನ್ಸ್ ನಡೆದದ್ದೇ ಅಹಮದಾಬಾದ್‌ನಲ್ಲಿ. ಪುರುಷರಲ್ಲಿ ಹರಿಯಾಣ, ಮಹಿಳೆಯರಲ್ಲಿ ಒಡಿಶಾ ಚಿನ್ನ ಗೆದ್ದವು. ಹೊಸ ಸ್ಟೇಡಿಯಂ ಬೇಕಿಲ್ಲ, ಮೂರು ದಿನ ಸಾಕು. ಇನ್ನೊಂದು ಕಾರಣ 2010ರ ದೆಹಲಿ ಕೂಟ. ಆಗ ದೆಹಲಿ ವಿಶ್ವವಿದ್ಯಾಲಯದ ಮೈದಾನದಲ್ಲಿ ಸೆವೆನ್ಸ್ ನಡೆಯಿತು. ನಮ್ಮ ಪುರುಷರ ತಂಡ ಆಡಿತು, ಪದಕದ ಹತ್ತಿರವೂ ಹೋಗಲಿಲ್ಲ. ಆ ಕೂಟದಲ್ಲಿ ಮಹಿಳೆಯರ ಸೆವೆನ್ಸ್ ಇರಲೇ ಇಲ್ಲ, ಅದು ಬಂದದ್ದು 2018ರಲ್ಲಿ. ಭಾರತದ ಹೆಣ್ಣುಮಕ್ಕಳು ತಮ್ಮ ನೆಲದಲ್ಲಿ, ತಮ್ಮ ಜನರ ಮುಂದೆ, ಇಷ್ಟು ದೊಡ್ಡ ಕೂಟದಲ್ಲಿ ಸೆವೆನ್ಸ್ ಆಡಿದ್ದೇ ಇಲ್ಲ.

ರಾಜಗೀರ್‌ನಲ್ಲಿ ಕಂಚು ಹಾಕಿಕೊಂಡ ಹುಡುಗಿಯರಿಗೆ 2030ರ ಹೊತ್ತಿಗೆ 22ರಿಂದ 25 ವರ್ಷ ಆಗಿರುತ್ತದೆ. ಸೆವೆನ್ಸ್ ಆಡಲು ಅದಕ್ಕಿಂತ ಒಳ್ಳೆಯ ವಯಸ್ಸಿಲ್ಲ.